ಎಂಜಿನ್ ನಿಂತರೂ ಕಂತು ನಿಲ್ಲುವುದಿಲ್ಲ

ಸಾಲ ಮಾಡಿ ಕೊಂಡ ಹಳೆಯ ಕಾರಿನ ಎಂಜಿನ್ ಕೈಕೊಟ್ಟಾಗ ಕುಟುಂಬದ ಮೇಲೆ ಎರಡು ಹೊರೆ ಒಟ್ಟಿಗೆ ಬೀಳುತ್ತದೆ. ಗ್ಯಾರೇಜಿನವರು ಹೇಳುವ ಮೊತ್ತ ಒಂದು, ತಿಂಗಳು ತಿಂಗಳು ಖಾತೆಯಿಂದ ಹೋಗುವ ಕಂತು ಇನ್ನೊಂದು. ಓಡದ ಕಾರಿಗೆ ಕಂತು ಏಕೆ ಕಟ್ಟಬೇಕು ಎಂದು ಮನೆಯಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಆ ಕೋಪ ಅರ್ಥವಾಗುವಂಥದ್ದು. ಆದರೆ ಆ ಕೋಪದಲ್ಲಿ ತೆಗೆದುಕೊಳ್ಳುವ ತೀರ್ಮಾನಗಳು ಕೆಲವೊಮ್ಮೆ ಎಂಜಿನ್ನಿಗಿಂತ ದುಬಾರಿಯಾಗುತ್ತವೆ.

ಇಲ್ಲಿ ನಡೆದಿರುವುದು ಎರಡು ಬೇರೆ ಬೇರೆ ವ್ಯವಹಾರ. ಕಾರು ಮಾರಿದವರೊಂದಿಗೆ ಆದದ್ದು ಮಾರಾಟ. ಬ್ಯಾಂಕ್ ಅಥವಾ ಫೈನಾನ್ಸ್ ಕಂಪೆನಿಯೊಂದಿಗೆ ಆದದ್ದು ಸಾಲ. ಫೈನಾನ್ಸ್‌ನವರು ಕಾರಿನ ಗುಣಮಟ್ಟಕ್ಕೆ ಹೊಣೆ ಹೊತ್ತವರಲ್ಲ. ಅವರು ಹಣ ಕೊಟ್ಟು, ಅದಕ್ಕೆ ಭದ್ರತೆಯಾಗಿ ಆರ್‌ಸಿಯಲ್ಲಿ ತಮ್ಮ ಹೆಸರನ್ನು ಹೈಪೋಥಿಕೇಶನ್ ಎಂದು ಬರೆಸಿಕೊಂಡಿದ್ದಾರೆ, ಅಷ್ಟೇ. ಆದ್ದರಿಂದ ದೋಷದ ಲೆಕ್ಕವನ್ನು ಮಾರಿದವರೊಂದಿಗೆ ಇತ್ಯರ್ಥ ಮಾಡಬೇಕು, ಸಾಲದ ಲೆಕ್ಕವನ್ನು ಫೈನಾನ್ಸ್‌ನವರೊಂದಿಗೆ. ಒಬ್ಬರ ಮೇಲಿನ ಸಿಟ್ಟನ್ನು ಇನ್ನೊಬ್ಬರ ಕಂತು ತಡೆದು ತೀರಿಸಿಕೊಳ್ಳಲು ಹೋದರೆ ನಷ್ಟ ನಮಗೇ.

ಮೊದಲು ಕಾರು ನಿಲ್ಲಿಸಿ

ಉಷ್ಣತೆಯ ಮುಳ್ಳು ಕೆಂಪು ಗೆರೆಗೆ ಏರಿದಾಗ ಅಥವಾ ಆಯಿಲ್‌ನ ಕೆಂಪು ದೀಪ ಹೊತ್ತಿದಾಗ ‘ಮನೆ ಹತ್ತಿರವೇ ಇದೆಯಲ್ಲ’ ಎಂದು ಓಡಿಸಿದ್ದರಿಂದಲೇ ಎಷ್ಟೋ ಎಂಜಿನ್‌ಗಳು ಹಾಳಾಗಿವೆ. ಕೂಲಂಟ್ ಸೋರಿ ಎಂಜಿನ್ ಅತಿಯಾಗಿ ಬಿಸಿಯಾದರೆ ಸಿಲಿಂಡರ್ ಹೆಡ್ ಸೊಟ್ಟಗಾಗಿ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಆ ಹಂತದಲ್ಲೇ ನಿಲ್ಲಿಸಿದರೆ ಹೆಡ್ ಬಿಚ್ಚಿ, ಲೇತ್‌ನಲ್ಲಿ ಸಮ ಮಾಡಿಸಿ, ಹೊಸ ಗ್ಯಾಸ್ಕೆಟ್ ಹಾಕುವುದರಲ್ಲಿ ಮುಗಿಯಬಹುದು. ಓಡಿಸುತ್ತಲೇ ಹೋದರೆ ಪಿಸ್ಟನ್ ಹಿಡಿದುಕೊಂಡು ಎಂಜಿನ್ ಜಾಮ್ ಆಗುತ್ತದೆ. ಟೈಮಿಂಗ್ ಬೆಲ್ಟ್ ತುಂಡಾದರೆ ಹಲವು ಎಂಜಿನ್‌ಗಳಲ್ಲಿ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ. ಮಳೆಗಾಲದಲ್ಲಿ ನೀರಿಗೆ ಇಳಿದು ನಿಂತುಹೋದ ಕಾರನ್ನಂತೂ ಮತ್ತೆ ಸ್ಟಾರ್ಟ್ ಮಾಡಲೇಬಾರದು. ಸಿಲಿಂಡರಿಗೆ ಹೊಕ್ಕ ನೀರು ಗಾಳಿಯಂತೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡನ್ನೇ ಬಗ್ಗಿಸುತ್ತದೆ.

ಗಾಡಿಯನ್ನು ಎಳೆಸಿಕೊಂಡು ಗ್ಯಾರೇಜಿಗೆ ತಂದ ಮೇಲೆ ‘ಬಿಚ್ಚಿ ನೋಡೋಣ’ ಎಂಬ ಮಾತಿಗೆ ತಕ್ಷಣ ಒಪ್ಪಬೇಡಿ. ಎಂಜಿನ್ ಬಿಚ್ಚಿದ ಮೇಲೆ ಮಾರಿದವರು ‘ನಿಮ್ಮ ಮೆಕ್ಯಾನಿಕ್ಕೇ ಹಾಳು ಮಾಡಿದ್ದು’ ಎನ್ನಬಹುದು. ಕಂಪ್ರೆಶನ್ ಪರೀಕ್ಷೆ ಮಾಡಿಸಿ, ಆಯಿಲ್ ಮುಚ್ಚಳದ ಅಡಿ ಹಾಲು ಬೆರೆತ ಕಾಫಿಯಂಥ ಪದಾರ್ಥ ಕಟ್ಟಿದೆಯೇ ನೋಡಿ. ಕೂಲಂಟ್ ಆಯಿಲ್‌ಗೆ ಸೇರಿದ್ದರ ಗುರುತು ಅದು. ಫೋಟೊ, ಓಡಿದ ಕಿಲೋಮೀಟರ್, ತಾರೀಕು ಸಹಿತ ಮೆಕ್ಯಾನಿಕ್ ಕೈಯಲ್ಲಿ ಬರೆಸಿಕೊಳ್ಳಿ. ಸಾಧ್ಯವಾದರೆ ಇನ್ನೊಂದು ಗ್ಯಾರೇಜಿನ ಅಭಿಪ್ರಾಯವೂ ಇರಲಿ.

ಇನ್ಶೂರೆನ್ಸ್ ಇದೆಯಲ್ಲ ಎಂದು ಹಲವರು ನಿಶ್ಚಿಂತರಾಗಿರುತ್ತಾರೆ. ಸಾಮಾನ್ಯ ವಾಹನ ಪಾಲಿಸಿ ಅಪಘಾತ, ಕಳವು, ಬೆಂಕಿಗೆ. ಸವೆತಕ್ಕೆ ಮತ್ತು ಯಾಂತ್ರಿಕ ದೋಷಕ್ಕೆ ಅಲ್ಲ. ಎಂಜಿನ್ ಪ್ರೊಟೆಕ್ಷನ್ ಎಂದು ಪ್ರತ್ಯೇಕ ಹಣ ಕಟ್ಟಿದ್ದರೆ ನೀರು ನುಗ್ಗಿದ್ದಕ್ಕೆ, ಅಡಿ ತಾಗಿ ಆಯಿಲ್ ಸೋರಿದ್ದಕ್ಕೆ ಸಿಗಬಹುದು. ಸಾಲದ ಜೊತೆಗೆ ಸಹಿ ಹಾಕಿಸಿಕೊಂಡ ಇನ್ಶೂರೆನ್ಸ್ ಹೆಚ್ಚಾಗಿ ಸಾಲಗಾರನ ಜೀವಕ್ಕೆ ಸಂಬಂಧಿಸಿದ್ದು, ಕಾರಿಗಲ್ಲ.

ಮಾರಿದವರ ಹೊಣೆ

ಧಾನ್ಯದ ರಾಶಿಯೊಳಗೆ ಪ್ರವಾದಿ(ಸ) ಕೈ ಹಾಕಿ, ಒಳಗಿನ ತೇವವನ್ನು ಕಂಡು, ಅದನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲ ಎಂದು ವ್ಯಾಪಾರಿಯನ್ನು ಕೇಳಿದ ಘಟನೆ ಸಹೀಹ್ ಮುಸ್ಲಿಮ್‌ನಲ್ಲಿದೆ. ಖುತ್ಬಾಗಳಲ್ಲಿ ಇದನ್ನು ಕೇಳದವರಿಲ್ಲ. ವ್ಯಾಪಾರಿ ಮಳೆ ಬಂದುದರಿಂದ ಹಾಗಾಯಿತು ಎಂದ. ತೇವವಾದದ್ದು ಅವನ ತಪ್ಪಾಗಿರಲಿಲ್ಲ, ಒಣ ಧಾನ್ಯದಡಿ ಮುಚ್ಚಿಟ್ಟದ್ದು ತಪ್ಪಾಗಿತ್ತು. ಹಳೆಯ ಕಾರಿನ ವಿಷಯವೂ ಅದೇ. ಎಂಜಿನ್ ಸವೆಯುವುದು ಯಾರ ಅಪರಾಧವೂ ಅಲ್ಲ. ಹೊಗೆ ಅಡಗಿಸಲು ದಪ್ಪ ಆಯಿಲ್ ಸುರಿದು, ಗಿರಾಕಿ ಬರುವ ಮೊದಲೇ ಎಂಜಿನ್ ಬಿಸಿ ಮಾಡಿಟ್ಟು ತೋರಿಸುವುದು ಮೋಸ.

ಫಿಕ್ಹ್‌ನಲ್ಲಿ ಇಂಥ ಗ್ರಾಹಕನಿಗೆ ‘ಖಿಯಾರುಲ್ ಐಬ್’ ಎಂಬ ಹಕ್ಕು ಇದೆ. ಮಾರಾಟದ ಹೊತ್ತಿಗೇ ಇದ್ದ, ಕೊಳ್ಳುವವನಿಗೆ ತಿಳಿಯದಿದ್ದ ದೋಷ ಆಮೇಲೆ ಹೊರಬಿದ್ದರೆ ವಸ್ತುವನ್ನು ಹಿಂದಿರುಗಿಸಬಹುದು. ಆದರೆ ದೋಷ ತಿಳಿದ ಮೇಲೂ ಬಳಸುತ್ತಾ ಹೋದರೆ ಆ ಹಕ್ಕು ಕೈತಪ್ಪುತ್ತದೆ. ತಡಮಾಡದೆ ತಿಳಿಸಬೇಕೆಂಬುದರಲ್ಲಿ ಶಾಫಿಈ ಮದ್‌ಹಬ್ ಹೆಚ್ಚು ಕಟ್ಟುನಿಟ್ಟು. ‘ಹೇಗಿದೆಯೋ ಹಾಗೆ’ ಎಂದು ಬರೆಸಿಕೊಂಡು ಮಾರಿದ್ದರೆ ಏನು ಎಂಬುದರಲ್ಲಿ ಮದ್‌ಹಬ್‌ಗಳ ನಡುವೆ ಭಿನ್ನತೆ ಇದೆ. ನಿಮ್ಮ ಖತೀಬರಲ್ಲಿ ಕಾಗದ ತೋರಿಸಿ ಕೇಳಿ.

ದೇಶದ ಕಾನೂನು ಕೂಡ ಬಹಳ ದೂರವಿಲ್ಲ. 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ ನೋಡಿದರೆ ಕಾಣಬಹುದಾಗಿದ್ದ ದೋಷಕ್ಕೆ ನೋಡಿ ಕೊಂಡವನೇ ಹೊಣೆ. ಸಾಮಾನ್ಯ ಪರೀಕ್ಷೆಗೆ ಸಿಗದ ದೋಷಕ್ಕೆ ವ್ಯಾಪಾರಿ ಉತ್ತರಿಸಬೇಕಾಗಬಹುದು. ವಸ್ತುವನ್ನು ಮಾತಿಲ್ಲದೆ ಬಹುಕಾಲ ಇಟ್ಟುಕೊಂಡರೆ ಒಪ್ಪಿಕೊಂಡಂತೆಯೇ. ಹಾಗಾಗಿ ಮೆಕ್ಯಾನಿಕ್‌ನ ವರದಿ ಕೈಗೆ ಬಂದ ದಿನವೇ ಮಾರಿದವರಿಗೆ ವಾಟ್ಸ್‌ಆ್ಯಪ್‌ನಲ್ಲೂ ರಿಜಿಸ್ಟರ್ಡ್ ಅಂಚೆಯಲ್ಲೂ ತಿಳಿಸಿ. ಬಂದು ನೋಡಲು ಒಂದು ವಾರ ಕೊಡಿ. ಮಾತುಕತೆಯಿಂದ ಮುಗಿದರೆ, ಅಂದರೆ ರಿಪೇರಿಯ ಅರ್ಧ ಖರ್ಚು ಅವರು ಹೊತ್ತರೂ, ಅದೇ ಉತ್ತಮ.

ಮುಗಿಯದಿದ್ದರೆ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಬಹುದು. ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗಕ್ಕೂ ಹೋಗಬಹುದು. ಕಾರಿಗೆ ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು. ಸ್ವಂತ ದುಡಿಮೆಗಾಗಿ ಟ್ಯಾಕ್ಸಿ ಕೊಂಡವರಿಗೂ ಈ ದಾರಿ ತೆರೆದಿದೆ. ಆದರೆ ಮಾರಿದವರು ವ್ಯಾಪಾರಿಯಲ್ಲದೆ ನೆರೆಮನೆಯವರೋ ನೆಂಟರೋ ಆಗಿದ್ದರೆ ಗ್ರಾಹಕ ಆಯೋಗ ಸಹಾಯಕ್ಕೆ ಬರುವುದಿಲ್ಲ. ಅಲ್ಲಿ ಸಿವಿಲ್ ಕೋರ್ಟಿಗಿಂತ ಜಮಾಅತಿನ ಹಿರಿಯರ ಮುಂದೆ ಕೂತು ಮಾತಾಡುವುದು ಲೇಸು ಎಂಬುದು ನಮ್ಮ ಅಭಿಪ್ರಾಯ.

ಸಾಲ ಕೊಟ್ಟವರೊಂದಿಗೆ

ಬಡ್ಡಿಯ ಕುರಿತು ಇಲ್ಲಿ ಮತ್ತೆ ಬರೆಯುವುದಿಲ್ಲ. ಬೇರೆ ದಾರಿ ಕಾಣದೆ ಸಾಲ ಮಾಡಿದವರು ಎಷ್ಟೋ ಮನೆಗಳಲ್ಲಿದ್ದಾರೆ. ಆದರೆ ‘ಹೇಗೂ ಬಡ್ಡಿಯ ಹಣ ತಾನೇ, ಕಟ್ಟದಿದ್ದರೇನು’ ಎಂಬ ಮಾತು ಸರಿಯಲ್ಲ. ಅಸಲು ನಮ್ಮ ಕೈಗೆ ಬಂದ ಹಣ, ಅದು ಋಣ. ಹುತಾತ್ಮನ ಉಳಿದೆಲ್ಲ ಪಾಪಗಳು ಕ್ಷಮಿಸಲ್ಪಟ್ಟರೂ ಋಣ ಉಳಿಯುತ್ತದೆ ಎಂಬ ಅರ್ಥದ ಹದೀಸ್ ನಮ್ಮೆಲ್ಲರಿಗೂ ಗೊತ್ತಿರುವುದೇ.

ಲೆಕ್ಕವನ್ನು ಕಣ್ಣಾರೆ ನೋಡುವುದು ಒಳ್ಳೆಯದು. 4 ಲಕ್ಷ ರೂಪಾಯಿಯನ್ನು ವರ್ಷಕ್ಕೆ ಶೇ. 15ರಂತೆ 5 ವರ್ಷಕ್ಕೆ ತೆಗೆದುಕೊಂಡರೆ ಕಂತು ಸುಮಾರು 9,516 ರೂಪಾಯಿ. ಒಂದು ವರ್ಷದಲ್ಲಿ 1,14,000 ರೂಪಾಯಿಗೂ ಹೆಚ್ಚು ಕಟ್ಟಿದ ಮೇಲೂ ಉಳಿದಿರುವ ಅಸಲು ಸುಮಾರು 3,42,000! ಕಟ್ಟಿದ್ದರಲ್ಲಿ ಅರ್ಧದಷ್ಟು ಬಡ್ಡಿಗೇ ಹೋಗಿದೆ. ಎಂಜಿನ್ ಸತ್ತ ಕಾರಿಗೆ ಮಾರುಕಟ್ಟೆಯಲ್ಲಿ ಅದರ ಹತ್ತಿರದ ಬೆಲೆಯೂ ಸಿಗುವುದಿಲ್ಲ. ಕಾರನ್ನು ಫೈನಾನ್ಸ್‌ನವರಿಗೇ ಒಪ್ಪಿಸಿದರೆ ಸಾಲ ತೀರಿತು ಎಂದು ನಂಬಿದವರು ಇಲ್ಲೇ ಏಟು ತಿನ್ನುತ್ತಾರೆ. ಅವರು ಹರಾಜು ಹಾಕಿ, ಬಂದ ಹಣ ಕಳೆದು, ಉಳಿದದ್ದನ್ನು ನಮ್ಮಿಂದಲೇ ಕೇಳುತ್ತಾರೆ. ಜಾಮೀನು ನಿಂತ ಭಾವನನ್ನೋ ಮಾವನನ್ನೋ ಕೂಡ ಕೇಳುತ್ತಾರೆ.

ಖಾತೆಯಲ್ಲಿ ಹಣವಿಲ್ಲದೆ ಕಂತು ಹಿಂದಿರುಗುವುದು ಬರೀ ದಂಡದ ವಿಷಯವೂ ಅಲ್ಲ. 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಯ 25ನೇ ಕಲಮಿನಡಿ ಅದೂ ಚೆಕ್ ಬೌನ್ಸ್‌ನಂತೆ ಅಪರಾಧವಾಗಬಹುದು. ಆದ್ದರಿಂದ ಕಂತು ತಪ್ಪುವ ಮೊದಲೇ ಶಾಖೆಗೆ ಹೋಗಿ. ಮೆಕ್ಯಾನಿಕ್‌ನ ವರದಿ, ಖರ್ಚಿನ ಅಂದಾಜು, ಆದಾಯದ ವಿವರ ಇಟ್ಟು ಅವಧಿ ಹೆಚ್ಚಿಸಿ ಕಂತು ಇಳಿಸುವಂತೆ, ಇಲ್ಲವೇ ಕೆಲವು ತಿಂಗಳ ಕಾಲಾವಕಾಶ ಕೊಡುವಂತೆ ಬರವಣಿಗೆಯಲ್ಲಿ ಕೇಳಿ. ಕೊಡಲೇಬೇಕೆಂಬ ನಿಯಮವಿಲ್ಲ, ಕೊಟ್ಟರೆ ಒಟ್ಟು ಬಡ್ಡಿ ಹೆಚ್ಚಾಗುವುದೂ ನಿಜ. ಆದರೂ ಮೂರು ಕಂತು ತಪ್ಪಿದ ಮೇಲೆ ಕೇಳುವುದಕ್ಕಿಂತ ಇದು ಎಷ್ಟೋ ಮೇಲು. ಬಾಕಿ 90 ದಿನ ದಾಟಿದರೆ ಬ್ಯಾಂಕಿನ ಲೆಕ್ಕದಲ್ಲಿ ಅದು ಕೆಟ್ಟ ಸಾಲ.

ತಡವಾದ ಕಂತಿಗೆ ದಂಡ ಹಾಕಬಹುದಾದರೂ ಆ ದಂಡವನ್ನು ಅಸಲಿಗೆ ಸೇರಿಸಿ ಮತ್ತೆ ಬಡ್ಡಿ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಹೇಳಿದೆ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ. ನೆಂಟರ ಮುಂದೆ ಅವಮಾನಿಸುವಂತಿಲ್ಲ, ಬೆದರಿಸುವಂತಿಲ್ಲ. ಹಾಗೆ ನಡೆದರೆ ಮೊದಲು ಕಂಪೆನಿಗೇ ಲಿಖಿತ ದೂರು ಕೊಡಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹಣ ಖರ್ಚಿಲ್ಲದೆ ದೂರಬಹುದು, ಮಾಹಿತಿಗೆ 14448. ಬಾಗಿಲಿಗೆ ಬಂದವರೊಂದಿಗೆ ಮನೆಯ ಹೆಂಗಸರು ಮಾತಾಡಬೇಕಾಗಿ ಬಂದರೆ ಮೊದಲು ಗುರುತು ಚೀಟಿ ಮತ್ತು ಕಂಪೆನಿಯ ಅಧಿಕಾರ ಪತ್ರ ಕೇಳಲಿ. ರಶೀದಿಯಿಲ್ಲದೆ ಒಂದು ರೂಪಾಯಿಯನ್ನೂ ಕೊಡಬಾರದು.

ರಿಪೇರಿಯೋ, ಮಾರಾಟವೋ

ರಿಪೇರಿಯ ಖರ್ಚು, ಸರಿಯಾದ ಮೇಲೆ ಕಾರಿಗೆ ಬರುವ ಬೆಲೆ, ಉಳಿದ ಸಾಲ: ಈ ಮೂರನ್ನು ಒಂದೇ ಹಾಳೆಯಲ್ಲಿ ಬರೆದು ನೋಡಿ. ರಿಪೇರಿಯಿಂದ ಬೆಲೆ ಏರುವಷ್ಟೂ ಖರ್ಚಾಗದಿದ್ದರೆ, ಅಥವಾ ಅದೇ ಕಾರಿನ ದುಡಿಮೆಯಿಂದ ಮನೆ ನಡೆಯುವುದಾದರೆ ಮಾಡಿಸಬಹುದು. ಬೋರ್ ಮಾಡಿಸುವುದಕ್ಕಿಂತ ಗುಜರಿಯಿಂದ ಹಳೆಯ ಎಂಜಿನ್ ತಂದು ಕೂರಿಸುವುದು ಅಗ್ಗವಾಗುವುದುಂಟು. ಆದರೆ ಆ ಎಂಜಿನ್ ಯಾವ ವಾಹನದ್ದು ಎಂಬ ಕಾಗದ ಬೇಕು, ಫೈನಾನ್ಸ್‌ನವರ ಲಿಖಿತ ಒಪ್ಪಿಗೆ ಇರಬೇಕು, ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ಎಂಜಿನ್ ನಂಬರ್ ತಿದ್ದಿಸಬೇಕು. ಇಲ್ಲದಿದ್ದರೆ ಕಳವಿನ ಎಂಜಿನ್ ನಮ್ಮ ಬಾನೆಟ್ಟಿನಡಿ ಸಿಕ್ಕಿಬೀಳಬಹುದು.

‘ಕಾರು ನೀನಿಟ್ಟುಕೋ, ಕಂತು ನೀನೇ ಕಟ್ಟು’ ಎಂದು ಛಾಪಾ ಕಾಗದದ ಮೇಲೆ ಬರೆದು ಪರಿಚಯದವರಿಗೆ ಕೊಟ್ಟುಬಿಡುವುದು ನಮ್ಮಲ್ಲಿ ಬಹಳ ಇದೆ. ಸಾಲ ಇರುವವರೆಗೆ ಫೈನಾನ್ಸ್‌ನವರ ಒಪ್ಪಿಗೆಯಿಲ್ಲದೆ ಹೆಸರು ಬದಲಾಗುವುದಿಲ್ಲ. ಆರ್‌ಸಿಯಲ್ಲಿ ಹೆಸರಿರುವವನೇ ಅಪಘಾತದ ಪರಿಹಾರಕ್ಕೂ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ.

ಇದಕ್ಕಿಂತ ದೊಡ್ಡ ಆಮಿಷ ಇನ್ನೊಂದಿದೆ. ಎಂಜಿನ್ನನ್ನು ಹೇಗೋ ತೇಪೆ ಹಚ್ಚಿ, ನಾಲ್ಕು ದಿನ ಓಡುವಂತೆ ಮಾಡಿ, ಇನ್ನೊಬ್ಬರ ತಲೆಗೆ ಕಟ್ಟುವುದು. ಗ್ಯಾರೇಜಿನಲ್ಲೇ ಈ ಸಲಹೆ ಸಿಗುತ್ತದೆ, ಸಂಕಟದಲ್ಲಿರುವ ಮನೆಗೆ ಅದು ನ್ಯಾಯವೆಂದೂ ತೋರುತ್ತದೆ: ನಮಗೆ ಮೋಸವಾಯಿತು, ನಾವೇಕೆ ಹೊರಬೇಕು? ಆದರೆ ಮುಂದಿನ ಗಿರಾಕಿಯೂ ಬಹುಶಃ ಸಾಲ ಮಾಡಿಯೇ ಬರುವವನು. ನಮ್ಮನ್ನು ವಂಚಿಸಿದ್ದು ಅವನಲ್ಲ. ದೋಷವನ್ನು ಹೇಳಿ, ಮೆಕ್ಯಾನಿಕ್‌ನ ವರದಿ ತೋರಿಸಿ, ಫೈನಾನ್ಸ್‌ನವರ ಒಪ್ಪಿಗೆ ಪಡೆದು ಮಾರಿದರೆ ಬೆಲೆ ಕಡಿಮೆ ಸಿಗುತ್ತದೆ. ಇಂಥ ಕಾರುಗಳನ್ನು ತಿಳಿದೇ ಕೊಳ್ಳುವ ಗ್ಯಾರೇಜಿನವರೂ ಬಿಡಿಭಾಗದ ವ್ಯಾಪಾರಿಗಳೂ ಇದ್ದಾರೆ. ಮೂರ್ನಾಲ್ಕು ಕಡೆ ಕೇಳಿ.

ಆಗಲೂ ಸಾಲದಲ್ಲಿ ಒಂದಿಷ್ಟು ಬಾಕಿ ಉಳಿಯಬಹುದು. ಅದನ್ನು ಮನೆಯವರಿಂದ ಮುಚ್ಚಿಟ್ಟು ಇನ್ನೊಂದು ಬಡ್ಡಿ ಸಾಲದಿಂದ ತೀರಿಸಲು ಹೊರಡಬೇಡಿ. ಝಕಾತ್‌ಗೆ ಹಕ್ಕುದಾರರಾದ ಎಂಟು ವಿಭಾಗಗಳಲ್ಲಿ ಸಾಲದಲ್ಲಿ ಸಿಲುಕಿದವರೂ ಇದ್ದಾರೆ ಎಂಬುದನ್ನು ಸೂರಾ ತೌಬಾ ಹೇಳುತ್ತದೆ. ಎಲ್ಲ ಕಾರು ಸಾಲವೂ ಅದಕ್ಕೆ ಸಲ್ಲುತ್ತದೆ ಎಂದಲ್ಲ, ಆದರೆ ದುಡಿಮೆಯ ವಾಹನ ಕಳೆದುಕೊಂಡ ಬಡ ಕುಟುಂಬದ ಪರಿಸ್ಥಿತಿಯನ್ನು ಉಲಮಾಗಳ ಮುಂದಿಟ್ಟು ಕೇಳಬಹುದು. ಮಹಲ್ಲಾದಲ್ಲಿ ಬೈತುಲ್ ಮಾಲ್ ಅಥವಾ ಬಡ್ಡಿರಹಿತ ಸಾಲದ ನಿಧಿ ಇದ್ದರೆ ಸಾಲದ ಈಚಿನ ಸ್ಟೇಟ್‌ಮೆಂಟ್, ಆರ್‌ಸಿಯ ಪ್ರತಿ, ರಿಪೇರಿಯ ಅಂದಾಜು ಪಟ್ಟಿ ಸಮೇತ ಕಾರ್ಯದರ್ಶಿಗಳನ್ನು ಕಾಣಿ. ಜಮಾಅತಿನವರು ಸಹಾಯದ ಹಣವನ್ನು ಕೈಗೆ ಕೊಡುವ ಬದಲು ನೇರವಾಗಿ ಸಾಲದ ಖಾತೆಗೇ ಕಟ್ಟಿ ರಶೀದಿ ಪಡೆದರೆ ಎರಡೂ ಕಡೆಯವರಿಗೆ ನೆಮ್ಮದಿ. ಸಾಲ ತೀರಿದ ದಿನ ಎನ್‌ಒಸಿ ಮತ್ತು ಫಾರ್ಮ್ 35 ಪಡೆದು ಆರ್‌ಸಿಯಿಂದ ಹೈಪೋಥಿಕೇಶನ್ ತೆಗೆಸುವುದನ್ನು ಮರೆಯಬೇಡಿ.