ಮಳೆಯೂರಿನ ಮಾಡು, ಜಗಲಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ಕಟ್ಟಡ ಕಟ್ಟುವವರು ಮೊದಲು ಮಳೆಯ ಮರ್ಜಿ ತಿಳಿಯಬೇಕು. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೆ ಬಿಡುವುದಿಲ್ಲ. ನೇರವಾಗಿ ಬೀಳುವುದೂ ಇಲ್ಲ. ಗಾಳಿಯೊಂದಿಗೆ ಓರೆಯಾಗಿ ಬಂದು ಕಿಟಕಿಯೊಳಗೆ ನುಗ್ಗುತ್ತದೆ.

ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ಅರಸ ತಿಮ್ಮಣ್ಣ ಅಜಿಲ 1604ರಲ್ಲಿ ನಿಲ್ಲಿಸಿದ ಬಾಹುಬಲಿಯ ಶಿಲಾಮೂರ್ತಿ ಅಂದಿನಿಂದ ಇದೇ ಮಳೆಗೆ ಮೈಯೊಡ್ಡಿ ನಿಂತಿದೆ. ಕಲ್ಲಿಗೆ ಅದು ಸಾಧ್ಯ. ಮನುಷ್ಯನಿಗೆ ಸೂರು ಬೇಕು. ಆ ಸೂರು ಹೇಗಿರಬೇಕೆಂದು ಹಿಂದಿನವರಿಗೆ ಚೆನ್ನಾಗಿ ತಿಳಿದಿತ್ತು ಎನ್ನುವುದಕ್ಕೆ ಮೂಡುಬಿದಿರೆಯ ಸಾವಿರ ಕಂಬದ ಬಸದಿಯೇ ಸಾಕ್ಷಿ. 1430ರಲ್ಲಿ ಕಟ್ಟಿದ ಈ ಬಸದಿಗೆ ಹೋದವರೆಲ್ಲ ಒಂದು ಕಂಬದಂತೆ ಇನ್ನೊಂದಿಲ್ಲವಲ್ಲ ಎಂದು ಬೆರಗಾಗುತ್ತಾರೆ. ತಲೆಯೆತ್ತಿ ಮಾಡನ್ನು ನೋಡುವವರು ಕಡಿಮೆ. ಘಟ್ಟದ ಮೇಲಿನ ಬೇಲೂರು, ಹಳೇಬೀಡಿನ ಗುಡಿಗಳ ರೀತಿಯೇ ಬೇರೆ, ಇದರ ರೀತಿಯೇ ಬೇರೆ. ಇಲ್ಲಿ ಅಂತಸ್ತಿನ ಮೇಲೆ ಅಂತಸ್ತಾಗಿ ಇಳಿಜಾರು ಮಾಡು, ಗೋಡೆಯನ್ನು ದಾಟಿ ಹೊರಚಾಚಿದ ಅಂಚು, ಮೇಲೆ ಮರದ ಕೆಲಸ. ನೀರು ನಿಲ್ಲಲು ಜಾಗವೇ ಇಲ್ಲ.

ನಮ್ಮ ಹಳೆಯ ಮಸೀದಿಗಳೂ ಇದೇ ವಿದ್ಯೆ ಕಲಿತಿದ್ದವು. ಮಂಗಳೂರು ಬಂದರಿನ ಝೀನತ್ ಬಕ್ಷ್ ಮಸೀದಿಯ ಒಳಗಿನ ಕೆತ್ತಿದ ಮರದ ಕಂಬಗಳನ್ನು ಕಂಡಾಗ ಈ ಕರಾವಳಿಯ ಬಡಗಿಗಳ ಕೈ ನೆನಪಾಗುತ್ತದೆ. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಹಂಚಿನ ಮಾಡು ಊರೂರಿಗೂ ಹಬ್ಬಿತು. ಕೆಂಪುಕಲ್ಲಿನ ಗೋಡೆ, ಹಂಚು, ಜಗಲಿ, ಪಕ್ಕದಲ್ಲಿ ಹೌಳ್. ದೂರದಿಂದ ನೋಡಿದರೆ ಯಾವುದೋ ದೊಡ್ಡ ಮನೆ ಎನ್ನಬೇಕು.

ಗಲ್ಫಿನ ದುಡಿಮೆ ಬಂದ ಮೇಲೆ ಅಂಥ ಎಷ್ಟೋ ಮಸೀದಿಗಳು ನೆಲಸಮವಾಗಿ ಕಾಂಕ್ರೀಟಿನ ಗುಂಬಝ್, ಮಿನಾರಗಳು ಎದ್ದವು. ಮಳೆ ಅಪರೂಪವಾದ ನಾಡಿನಲ್ಲಿ ಅವು ಒಪ್ಪುತ್ತವೆ. ಇಲ್ಲಿ ತಾರಸಿ ಸೋರತೊಡಗುತ್ತದೆ, ಮೇಲೊಂದು ತಗಡಿನ ಶೀಟು ಹಾಕಿಸುತ್ತೇವೆ, ಲಕ್ಷಗಟ್ಟಲೆ ಸುರಿದು ಕಟ್ಟಿದ ಗುಂಬಝ್ ಅರ್ಧ ಮರೆಯಾಗುತ್ತದೆ! ಮಳೆ ತನ್ನ ಇಳಿಜಾರು ಮಾಡನ್ನು ಕೊನೆಗೂ ವಸೂಲು ಮಾಡಿಕೊಳ್ಳುತ್ತದೆ.

ಗುಂಬಝ್ ಆಗಲಿ ಮಿನಾರವಾಗಲಿ ಮಸೀದಿಗೆ ಶರತ್ತಲ್ಲ. ಪ್ರವಾದಿವರ್ಯರ(ಸ) ಕಾಲದಲ್ಲಿ ಮದೀನಾದ ಮಸೀದಿಗೆ ಖರ್ಜೂರದ ಕಾಂಡಗಳೇ ಕಂಬ, ಗರಿಗಳೇ ಮಾಡು. ಒಂದು ರಮಝಾನ್ ರಾತ್ರಿ ಮಳೆ ಸುರಿದು ಮಾಡು ಸೋರಿತು. ಪ್ರವಾದಿವರ್ಯರು(ಸ) ಕೆಸರಿನಲ್ಲೇ ಸುಜೂದ್ ಮಾಡಿದರು, ಹಣೆಯಲ್ಲಿ ಮಣ್ಣಿನ ಗುರುತಿತ್ತು ಎಂದು ಹದೀಸ್‌ನಲ್ಲಿದೆ. ಆ ಮಸೀದಿಗೆ ಸ್ತ್ರೀಯರೂ ನಮಾಝಿಗೆ ಬರುತ್ತಿದ್ದರು.

ಹಂಚಿನ ಜೊತೆ ನಾವು ಕಳಕೊಂಡದ್ದು ಜಗಲಿಯನ್ನು. ಜಗಲಿ ಒಳಗೂ ಅಲ್ಲ, ಹೊರಗೂ ಅಲ್ಲ. ದಾರಿಹೋಕರು ಯಾರ ಅಪ್ಪಣೆಯೂ ಇಲ್ಲದೆ ಕುಳಿತು ದಣಿವಾರಿಸಿಕೊಳ್ಳುವ ಜಾಗ. ಇಂದು ಪೇಟೆಗೆ ಆಸ್ಪತ್ರೆಗೋ ಮಗುವಿನ ಶಾಲೆಗೋ ಬಂದ ತಾಯಿ ಮಳೆಯಲ್ಲಿ ಎಲ್ಲಿ ನಿಲ್ಲಬೇಕು? ರಸ್ತೆ ಬದಿಯ ಹೊಸ ತಂಗುದಾಣಗಳ ಮಾಡು ಎತ್ತರದಲ್ಲಿದೆ, ಬದಿಗಳು ತೆರೆದಿವೆ, ಓರೆ ಮಳೆಗೆ ಅಲ್ಲಿ ಕೊಡೆ ಬಿಡಿಸಿಯೇ ನಿಲ್ಲಬೇಕು. ಳುಹರ್‌ನ ಹೊತ್ತಾದರೆ ವುಝೂಗೆ ಒಂದು ನಳ್ಳಿ, ನಮಾಝಿಗೆ ಒಂದು ಮೂಲೆ ಸಿಗುವುದು ಅವಳ ಅದೃಷ್ಟ. ಅನೇಕ ಮಸೀದಿಗಳ ಎರಡು ಮಹಡಿಗಳಲ್ಲೂ ಅವಳಿಗೆ ಅಷ್ಟು ಜಾಗವಿಲ್ಲ. ಇಳಿಜಾರು ಮಾಡಿನ, ಪ್ರತ್ಯೇಕ ಬಾಗಿಲಿನ ಒಂದು ಸಣ್ಣ ಜಗಲಿ ಕೋಣೆಗೆ ಮಿನಾರದ ಖರ್ಚಿನ ಒಂದು ಪಾಲೂ ಬೇಡ.

ಹೊಸ ಕಟ್ಟಡದ ನಕ್ಷೆ ಬಂದಾಗ ಗಂಡಸರು ಮೇಜಿನ ಸುತ್ತ ಕೂತು ನೋಡುತ್ತಾರೆ. ಅದನ್ನೊಮ್ಮೆ ಮನೆಗೆ ತಂದು ಹೆಂಗಸರಿಗೂ ತೋರಿಸಲಿ. ಮಾಡು ಎಲ್ಲಿ ಸೋರುತ್ತದೆ ಎನ್ನುವುದು ಅದರ ಕೆಳಗೆ ಬಾಲ್ದಿ ಇಡುವವರಿಗೆ ಗೊತ್ತಿರುತ್ತದೆ.