ಸರ್ಬಿಯಾದ ಬಂಡಾಯ ಮತ್ತು ಹಳ್ಳಿಯ ಪಾದ್ರಿಗಳು



ಬಂಡಾಯ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಕತ್ತಿ, ಕೋವಿ, ಕುದುರೆ. ಆದರೆ ಶತ್ರುವನ್ನು ಓಡಿಸಿದ ಮರುದಿನ ತೆರಿಗೆ ಎತ್ತುವವರು ಯಾರು? ಕಳ್ಳನನ್ನು ವಿಚಾರಿಸುವವರು ಯಾರು? ಪರದೇಶದ ದೊರೆಗೆ ಪತ್ರ ಬರೆಯುವವರು ಯಾರು? 1804ರಲ್ಲಿ ಸರ್ಬಿಯಾದ ರೈತರ ಮುಂದೆ ಬಂದದ್ದು ಇದೇ ಪ್ರಶ್ನೆ.

ಬಾಲ್ಕನ್ ಪ್ರದೇಶದ ಸರ್ಬಿಯಾ 1459ರಿಂದ ಆಟೊಮನ್ ತುರ್ಕರ ಆಳ್ವಿಕೆಯಲ್ಲಿತ್ತು. ಸರ್ಬರ ಅರಸುಮನೆತನಗಳು ಅಳಿದುಹೋಗಿದ್ದವು. ಉಳಿದದ್ದು ಅವರ ಆರ್ಥೊಡಾಕ್ಸ್ ಚರ್ಚು. 1766ರಲ್ಲಿ ಪೆಚ್ ಪಟ್ಟಣದಲ್ಲಿದ್ದ ಅದರ ಪ್ರಧಾನ ಪೀಠವೂ ರದ್ದಾಯಿತು. ಆಮೇಲೆ ಬಿಷಪ್ಪರಾಗಿ ಬಂದವರು ಹೆಚ್ಚಾಗಿ ಗ್ರೀಕರು. ಆದ್ದರಿಂದ 'ಚರ್ಚು ಬಂಡೆದ್ದಿತು' ಎಂದು ಪರೀಕ್ಷೆಯಲ್ಲಿ ಬರೆದುಬಿಡಬೇಡಿ. ಬಂಡೆದ್ದವರು ಹಳ್ಳಿಯ ಪಾದ್ರಿಗಳು, ಸಣ್ಣ ಮಠಗಳ ಸನ್ಯಾಸಿಗಳು. ಈ ಪಾದ್ರಿ ಹೆಂಡತಿ ಮಕ್ಕಳಿರುವ ಸಂಸಾರಸ್ಥ. ಎಷ್ಟೋ ಊರುಗಳಲ್ಲಿ ಓದುಬರಹ ಬಲ್ಲವನು ಅವನೊಬ್ಬನೇ.

ಆಗ ಬೆಲ್‌ಗ್ರೇಡ್ ಪ್ರಾಂತವನ್ನು ಕಬಳಿಸಿ ಕುಳಿತಿದ್ದವರು ಸುಲ್ತಾನನ ಮಾತನ್ನೂ ಕೇಳದ ನಾಲ್ವರು ಜಾನಿಸರಿ ದಳಪತಿಗಳು. ದಂಗೆಯ ಸುಳಿವು ಹತ್ತಿ, 1804ರ ಆರಂಭದಲ್ಲಿ ಅವರು ಸರ್ಬ್ ಮುಖಂಡರನ್ನು ಹುಡುಕಿ ಕೊಲ್ಲಿಸಿದರು. ಬೊಗೊವಾಜಾ ಮಠದ ಹಿರಿಯ ಸನ್ಯಾಸಿ ಹಾಜಿ ರುವಿಮ್ ಹತನಾದ. ವಾಲ್ಯೆವೊ ಸೀಮೆಯ ಮುಖಂಡ ಅಲೆಕ್ಸಾ ನೆನಾದೊವಿಚ್ ತಲೆ ಕಳೆದುಕೊಂಡ. ಆಸ್ಟ್ರಿಯಾದ ಅಧಿಕಾರಿಯೊಬ್ಬನಿಗೆ ಅವನು ಬರೆದ ಪತ್ರ ಸಿಕ್ಕಿಬಿದ್ದಿತ್ತು.

ಹೆದರಿಸಲೆಂದು ಮಾಡಿದ ಕೊಲೆಗಳೇ ಕಿಡಿ ಹೊತ್ತಿಸಿದವು. ಫೆಬ್ರವರಿಯಲ್ಲಿ ಒರಾಶಾಟ್ಸ್ ಹಳ್ಳಿಯಲ್ಲಿ ಸೇರಿದ ಜನ ಕಾರಾಜಾರ್ಜ್‌ನನ್ನು ನಾಯಕನನ್ನಾಗಿ ಆರಿಸಿದರು. ಅವರಿಗೆ ಪ್ರಮಾಣವಚನ ಬೋಧಿಸಿದವನು ಪಾದ್ರಿ ಅತಾನಾಸಿಯೆ.

ಇನ್ನು ಕೊಲೆಯಾದ ಅಲೆಕ್ಸಾನ ಮಗನ ವಿಷಯ. ಮಾತೆಯಾ ನೆನಾದೊವಿಚ್‌ಗೆ ಆಗ 27 ವರ್ಷ, ಅವನೂ ಪಾದ್ರಿ. ಪತ್ರ ಬರೆದು ತಂದೆ ಸತ್ತ. ಮಗ ಅದೇ ವರ್ಷ ಸರ್ಬರ ಅಹವಾಲು ಹೊತ್ತು, ಇಬ್ಬರು ಸಂಗಡಿಗರೊಡನೆ, ರಷ್ಯದ ರಾಜಧಾನಿ ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೊರಟ. ಅಲ್ಲಿ ವಿದೇಶಾಂಗ ಸಚಿವ ಚಾರ್ತೊರಿಸ್ಕಿಯನ್ನು ಕಂಡ. ರಾಯಭಾರ ಎಂದರೇನೆಂದು ಯಾವ ಶಾಲೆಯೂ ಅವನಿಗೆ ಕಲಿಸಿರಲಿಲ್ಲ ಎಂಬುದನ್ನು ನೆನಪಿಡಿ.

ಕಾನೂನು ಬೇಕಾದಾಗಲೂ ಅವನು ಕೈಹಾಕಿದ್ದು ತನಗೆ ಗೊತ್ತಿದ್ದ ಪುಸ್ತಕಕ್ಕೇ. 13ನೆಯ ಶತಮಾನದಲ್ಲಿ ಸಂತ ಸಾವಾ ಸಿದ್ಧಪಡಿಸಿದ ಚರ್ಚಿನ ಕಾನೂನು ಗ್ರಂಥದಿಂದ ಬೇಕಾದ್ದನ್ನು ಆರಿಸಿ, ಕಳವು, ಕೊಲೆ ಮುಂತಾದ ಅಪರಾಧಗಳಿಗೆ ಶಿಕ್ಷೆ ಗೊತ್ತುಮಾಡಿ ತನ್ನ ಸೀಮೆಗೆ ಕಟ್ಟಳೆ ಬರೆದ. 1805ರಲ್ಲಿ ಆಡಳಿತ ಸಭೆ ಏರ್ಪಟ್ಟಾಗ ಅದರ ಮೊದಲ ಅಧ್ಯಕ್ಷನೂ ಅವನೇ. ಸಭೆಗೆ ಕಚೇರಿ ಎಲ್ಲಿಂದ ಬರಬೇಕು? ಮೊದಲು ವೊಲ್ಯಾವ್ಚಾ ಮಠದಲ್ಲಿ, ಆಮೇಲೆ ಹಾಜಿ ರುವಿಮ್‌ನ ಬೊಗೊವಾಜಾ ಮಠದಲ್ಲಿ ಕೂಡಿತು. ಮುಂದೆ 1811ರಲ್ಲಿ ಶಿಕ್ಷಣದ ಹೊಣೆ ಹೊತ್ತ ಲೇಖಕ ದೊಸಿತೇಯ್ ಒಬ್ರಾದೊವಿಚ್ ಕೂಡ ಹಿಂದೆ ಸನ್ಯಾಸಿಯಾಗಿದ್ದವನೇ.

ಎಲ್ಲವೂ ಸುಗಮವಾಗಿತ್ತೆಂದಲ್ಲ. ಸಭೆಯ ಮಾತಿಗಿಂತ ದಳನಾಯಕರ ಕೋವಿಯ ಮಾತೇ ಹಲವು ಸಲ ನಡೆಯಿತು. 1813ರಲ್ಲಿ ತುರ್ಕರು ಮರಳಿ ಬಂದರು, ಕಟ್ಟಿದ್ದೆಲ್ಲ ಕುಸಿಯಿತು. ಮರುವರ್ಷದ ದಂಗೆಯ ನಂತರ ತ್ರ್ನಾವಾ ಮಠದ ಪೈಸಿಯೆಯನ್ನು ಬೆಲ್‌ಗ್ರೇಡಿನಲ್ಲಿ ಶೂಲಕ್ಕೇರಿಸಿದರು.

1815ರಲ್ಲಿ ಮಿಲೋಶ್ ಒಬ್ರೆನೊವಿಚ್ ಎರಡನೆಯ ಬಂಡಾಯ ಹೂಡಿದ. 1830ರಲ್ಲಿ ಸುಲ್ತಾನನು ಸರ್ಬಿಯಾಕ್ಕೆ ಸ್ವಾಯತ್ತತೆ ಒಪ್ಪಿದ. ಮರುವರ್ಷ ಗ್ರೀಕರ ಸ್ಥಾನದಲ್ಲಿ ಸರ್ಬನೇ ಆದ ಮೆಲೆಂತಿಯೆ ಪಾವ್ಲೊವಿಚ್ ಧರ್ಮಾಧ್ಯಕ್ಷನಾದ. ಅವನೂ ಬಂಡಾಯದಲ್ಲಿ ಪಾಲುಗೊಂಡ ಮಠವಾಸಿ. ಮಾತೆಯಾ 1854ರವರೆಗೆ ಬದುಕಿ, ಕಂಡದ್ದನ್ನೆಲ್ಲ ನೆನಪುಗಳ ರೂಪದಲ್ಲಿ ಬರೆದಿಟ್ಟ. ಆ ದಿನಗಳನ್ನು ಅರಿಯಲು ಇತಿಹಾಸಕಾರರು ಇಂದಿಗೂ ಆ ಪುಸ್ತಕವನ್ನು ತಿರುವುತ್ತಾರೆ.