ಹಂದಿಜ್ವರವೂ ವೈರಾಣುವಿನ ವಂಶವಾಹಿಗಳೂ

2022ರ ಜುಲೈ ತಿಂಗಳಲ್ಲಿ ನಮ್ಮ ವಯನಾಡಿನ ಮಾನಂತವಾಡಿ ಪರಿಸರದಲ್ಲಿ ಆಫ್ರಿಕನ್ ಹಂದಿಜ್ವರ ಕಾಣಿಸಿಕೊಂಡಿತು. ಆಗ ಹಂದಿಗಳನ್ನೆಲ್ಲ ಕಳೆದುಕೊಂಡ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು, "ಮಾಷ್ಟ್ರೇ, ಔಷಧ ಕೊಡದೆ, ಚೆನ್ನಾಗಿದ್ದವನ್ನೂ ಏಕೆ ಕೊಂದರು?" ಎಂದು ಕೇಳಿದನು. ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಅನಂತರ ಓದಿ ತಿಳಿದುದನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಈ ರೋಗದ ಮೊದಲ ವರದಿ 1921ರಲ್ಲಿ ಕೀನ್ಯಾ ದೇಶದಿಂದ ಬಂದಿತು. ಅಲ್ಲಿನ ವಾರ್ಟ್‌ಹಾಗ್ ಎಂಬ ಕಾಡುಹಂದಿಯ ಮೈಯಲ್ಲಿ ವೈರಾಣು ಇದ್ದರೂ ಅದಕ್ಕೆ ಬಾಧೆಯಿಲ್ಲ. ಸಾಕುಹಂದಿಗಾದರೋ ಉಗ್ರ ತಳಿ ತಗುಲಿದರೆ ಬಹುತೇಕ ಸಾವೇ ಗತಿ.

ಈ ವೈರಾಣುವಿನಲ್ಲಿ 150ಕ್ಕೂ ಹೆಚ್ಚು ವಂಶವಾಹಿಗಳಿವೆ. ವೈರಾಣು ಹೊಕ್ಕಾಗ ಹಂದಿಯ ಜೀವಕೋಶಗಳು ಇಂಟರ್‌ಫೆರಾನ್ ಎಂಬ ದ್ರವ್ಯವನ್ನು ಸ್ರವಿಸಿ ನೆರೆಯ ಕೋಶಗಳನ್ನು ಎಚ್ಚರಿಸುತ್ತವೆ. ಎಂಜಿಎಫ್ 360, ಎಂಜಿಎಫ್ 505 ಎಂಬ ಗುಂಪುಗಳ ಕೆಲವು ವಂಶವಾಹಿಗಳು, ಕಾವಲುಗಾರನ ಬಾಯಿ ಕಟ್ಟುವ ಕಳ್ಳರಂತೆ, ಈ ಎಚ್ಚರಿಕೆಯನ್ನೇ ಅಡಗಿಸುತ್ತವೆ. 2007ರಲ್ಲಿ ಜಾರ್ಜಿಯಾ ದೇಶದಲ್ಲಿ ದೊರೆತ ಉಗ್ರ ತಳಿಯಿಂದ ವಿಜ್ಞಾನಿಗಳು ಅಂತಹ ಆರು ವಂಶವಾಹಿಗಳನ್ನು ತೆಗೆದು ನೋಡಿದಾಗ, ಅದನ್ನು ಚುಚ್ಚಿದ ಹಂದಿಗಳು ಕಾಯಿಲೆ ಬೀಳಲಿಲ್ಲ. ಐ177ಎಲ್ ಎಂಬ ಒಂದೇ ವಂಶವಾಹಿಯನ್ನು ತೆಗೆದು ಮಾಡಿದ ಲಸಿಕೆಗೆ ವಿಯೆಟ್ನಾಂ 2022ರಲ್ಲಿ ಅನುಮತಿಯಿತ್ತಿತು.

ಆದರೆ ರೋಗ ತಗುಲಿದ ಮೇಲೆ ಗುಣಪಡಿಸುವ ಔಷಧವಿಲ್ಲ. ಚೆನ್ನಾಗಿ ತೋರುವ ಹಂದಿಯೊಳಗೂ ಸೋಂಕು ಅಡಗಿರಬಹುದು. ಆದುದರಿಂದಲೇ ಅವನ್ನೂ ಕೊಲ್ಲಬೇಕಾಯಿತು. ಮನುಷ್ಯರಿಗೆ ಇದು ತಗುಲದು. ಆದರೆ ನಮ್ಮ ಪಾದರಕ್ಷೆಯಿಂದಲೂ, ಮಾಂಸ ಬೆರೆತ ಎಂಜಲಿನಿಂದಲೂ ಹಂದಿಗೂಡನ್ನು ಸೇರಬಲ್ಲುದು. ಹಂದಿ ಸಾಕುವ ನನ್ನ ಶಿಷ್ಯರು ಹೋಟೆಲಿನ ಎಂಜಲನ್ನು ಗೂಡಿಗೆ ತಾರದಿರಲಿ, ಹೊರಗಿನವರನ್ನು ಬಾಗಿಲಲ್ಲೇ ತಡೆಯಲಿ. ಆ ಶಿಷ್ಯನಿಗೆ ತಡವಾಗಿಯಾದರೂ ಸಲ್ಲುವ ನನ್ನ ಉತ್ತರವಿದು.